ಪಾಪರ್ ಚೀಟಿ ಕೇಳಿ ಬಂದವರು

ದಿವಾಳಿ ಕೇಸು ನಡೆಸುವ ವಕೀಲೆ ಎಂದರೆ ದಿನವಿಡೀ ಕಣ್ಣೀರು ನೋಡುವವಳು ಎಂದು ನೆಂಟರಿಷ್ಟರೆಲ್ಲ ನನ್ನ ಮೇಲೆ ಕನಿಕರಪಡುತ್ತಾರೆ. ಕಣ್ಣೀರು ಇಲ್ಲವೆಂದಲ್ಲ, ಆದರೆ ವಾರಕ್ಕೊಮ್ಮೆಯಾದರೂ ಕಕ್ಷಿದಾರರು ಮೆಟ್ಟಿಲಿಳಿದು ಹೋಗುವವರೆಗೆ ನಗು ತಡೆದುಕೊಂಡು ಕೂರುವ ಪ್ರಸಂಗ ನನಗೆ ಬಂದೇ ಬರುತ್ತದೆ.

ಸರಸ್ವತಿಪುರಂನಲ್ಲಿ ಒಂದು ಟ್ಯುಟೋರಿಯಲ್ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಕೆಳಗೆ ಮಕ್ಕಳು ಲೆಕ್ಕ ಕಲಿಯುತ್ತಾರೆ, ಲೆಕ್ಕ ತಪ್ಪಿದ ದೊಡ್ಡವರು ಮೇಲೆ ಹತ್ತಿ ಬರುತ್ತಾರೆ. ಬಂದವರು ಕೇಳುವುದು ಒಂದೇ ಮಾತು: "ಮೇಡಂ, ಒಂದು ಪಾಪರ್ ಚೀಟಿ ಕೊಡಿಸಿಬಿಡಿ." ರೇಷನ್ ಕಾರ್ಡಿನ ಹಾಗೆ ಅದನ್ನು ಯಾವುದೋ ಕಿಟಕಿಯಲ್ಲಿ ಕೊಡುತ್ತಾರೆ, ಜೇಬಿನಲ್ಲಿಟ್ಟುಕೊಂಡರೆ ಸಾಲ ಕೊಟ್ಟವರು ದೂರದಿಂದಲೇ ಕೈ ಮುಗಿದು ಹೋಗುತ್ತಾರೆ ಎಂದು ಅವರ ನಂಬಿಕೆ. ಅಂಥ ಚೀಟಿ ಇಲ್ಲ, ಕೋರ್ಟಿಗೆ ಅರ್ಜಿ ಹಾಕಬೇಕು, ಇರುವುದೆಲ್ಲ ತೋರಿಸಬೇಕು ಎಂದರೆ ಮುಖ ಸಣ್ಣದಾಗುತ್ತದೆ. ಆಮೇಲೆ ನಾನು ನಾಲ್ಕು ಬುದ್ಧಿಮಾತು ಹೇಳುತ್ತೇನೆ. ಮಾತು ಎಲ್ಲರಿಗೂ ಒಂದೇ. ಅದನ್ನು ಅವರು ಪಾಲಿಸುವ ರೀತಿ ಮಾತ್ರ ದೇವರಿಗೇ ಪ್ರೀತಿ.

ನಾಚಿಕೆ ಬಿಟ್ಟು ನಿಜ ಹೇಳಿ

ಸಾಲದ ವಿಷಯಕ್ಕೆ ತಮ್ಮ ಸಲುವಾಗಿ ಬರುವವರು ಕಡಿಮೆ. ಬಂದವರೆಲ್ಲ ಯಾರೋ ಸ್ನೇಹಿತನ ಕಷ್ಟ ಹೊತ್ತು ತರುತ್ತಾರೆ. ಆ ಸ್ನೇಹಿತನ ಬಡ್ಡಿ, ಕಂತು, ಅವನ ಹೆಂಡತಿ ಆಡಿದ ಮಾತು, ಎಲ್ಲ ಇವರಿಗೆ ಬಾಯಿಪಾಠವಾಗಿರುತ್ತದೆ.

ದಟ್ಟಗಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದವರೊಬ್ಬರು ಹಾಗೇ ಬಂದರು. ಸ್ನೇಹಿತನಿಗೆ ಬೇಕರಿಯಲ್ಲಿ ನಷ್ಟವಾಗಿದೆ, ಏನು ಮಾಡಬಹುದು ಎಂದು ಕೇಳಿದರು. ನಾನು ಬಹಳ ಕಂಡವಳ ಹಾಗೆ ನಕ್ಕು, "ನೋಡಿ, ಡಾಕ್ಟರ ಹತ್ತಿರ, ವಕೀಲರ ಹತ್ತಿರ ಸಂಕೋಚ ಇರಬಾರದು. ನಿಮ್ಮದೇ ಅಂತ ಹೇಳಿ, ಪರವಾಗಿಲ್ಲ" ಎಂದೆ.

ಅವರಿಗೆ ಸಿಟ್ಟು ಬಂತು. "ನಂದಲ್ಲ ಮೇಡಂ. ನಾಳೆ ಅವನನ್ನೇ ಕರ್ಕೊಂಡು ಬರ್ತೀನಿ, ನೋಡಿ" ಎಂದು ಎದ್ದು ಹೋದರು.

ಮರುದಿನ ನಿಜವಾಗಿಯೂ ಬೇಕರಿಯವನನ್ನು ಕರೆತಂದರು. ನನಗೆ ಅವಮಾನವಾಯಿತು. ಬೇಕರಿಯವನು ಕುರ್ಚಿ ಎಳೆದು ಕುಳಿತು, ಇವರು ನೀರು ಕುಡಿಯಲು ಆಚೆ ಹೋದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದ: "ಮೇಡಂ, ನನ್ನ ವಿಷಯ ಬಿಡಿ. ಸಾಲ ಇರೋದು ಇವನಿಗೆ. ನಾಚಿಕೆ ಸ್ವಭಾವ, ಹೇಳ್ಕೊಳಲ್ಲ. ಅದಕ್ಕೇ ನಾನು ಬಂದೆ."

ಇಬ್ಬರ ಕಾಗದಗಳನ್ನೂ ತರಿಸಿ ನೋಡಿದೆ. ಇಬ್ಬರಿಗೂ ಸಾಲವಿತ್ತು. ಬೇಕರಿಯವನ ಸಾಲಕ್ಕೆ ಮೊಬೈಲಿನವರು ಜಾಮೀನು, ಮೊಬೈಲಿನವರ ಸಾಲಕ್ಕೆ ಬೇಕರಿಯವನು ಜಾಮೀನು. ಈಜು ಬಾರದ ಇಬ್ಬರು ಒಬ್ಬರ ಸೊಂಟ ಒಬ್ಬರು ಹಿಡಿದುಕೊಂಡು ಕೆರೆಗೆ ಇಳಿದಿದ್ದರು. ನನಗೆ ತಡೆಯಲಾಗಲಿಲ್ಲ. "ಅಲ್ರೀ, ಇವರು ಸಾಲ ತೀರಿಸೋ ಸ್ಥಿತಿಯಲ್ಲಿಲ್ಲ ಅಂತ ನಿಮಗೆ ಗೊತ್ತಿರಲಿಲ್ವಾ? ಯಾಕೆ ಜಾಮೀನು ಹಾಕಿದ್ರಿ?" ಎಂದು ಮೊಬೈಲಿನವರನ್ನು ಕೇಳಿದೆ.

"ಗೊತ್ತಿತ್ತು ಮೇಡಂ," ಎಂದರು ಅವರು. "ಅದಕ್ಕೇ ತಾನೆ, ನನ್ನ ಸಾಲಕ್ಕೆ ಅವನ ಕೈಲೇ ಹಾಕಿಸಿಕೊಂಡಿದ್ದು!"

ಸಾಲ ಕೊಟ್ಟವರಿಗೆಲ್ಲ ತಿಳಿಸಬೇಕು

ಬಳೆ, ಬಿಂದಿ, ಟೇಪು ಮಾರುವ ಫ್ಯಾನ್ಸಿ ಸ್ಟೋರಿನ ಹುಡುಗನೊಬ್ಬ ಅರ್ಜಿ ಹಾಕಲು ತಾಯಿಯ ಜೊತೆ ಬಂದಿದ್ದ. ಹುಡುಗ ಎಂದರೆ ನಲವತ್ತು ದಾಟಿದವನೇ, ತಾಯಿಯ ಪಕ್ಕ ಕುಳಿತರೆ ಹುಡುಗನ ಹಾಗೆ ಕಾಣುತ್ತಿದ್ದ, ಅಷ್ಟೆ. ಆ ತಾಯಿ ಕಾಗದಕ್ಕೆ ಮಗನ ಸಹಿ ಬೀಳುವ ಮೊದಲೇ ಚೀಲದಿಂದ ಕುಂಕುಮದ ಭರಣಿ ತೆಗೆದು ಅರ್ಜಿಯ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದರು. "ಬೇಡಮ್ಮ, ಕೋರ್ಟಿನವರು ಬಯ್ತಾರೆ" ಎಂದೆ. "ಏನೇ ಆದ್ರೂ ಕಾಗದ ಬರೀದಾಗಿ ಕಳಿಸಬಾರದು ಕಣಮ್ಮ" ಎಂದರು.

ಆ ಪುಟವನ್ನು ಮತ್ತೆ ಟೈಪು ಮಾಡಿಸಿದೆ. ಆಮೇಲೆ ನಾನೇ ಒಂದು ತಪ್ಪು ಮಾಡಿದೆ. "ಇನ್ನು ಸಾಲ ಕೊಟ್ಟವರಿಗೆಲ್ಲ ಕೋರ್ಟಿನಿಂದ ನೋಟೀಸು ಹೋಗತ್ತೆ. ಯಾರೊಬ್ಬರನ್ನೂ ಬಿಡಬಾರದು" ಎಂದೆ.

ತಾಯಿ ಯೋಚನೆಗೆ ಬಿದ್ದರು. "ಪೋಸ್ಟಿನಲ್ಲಿ ಕಳಿಸ್ತಾರಾ?"

"ಹೌದು."

"ಎಲ್ಲರಿಗೂ?"

"ಎಲ್ಲರಿಗೂ."

"ಸರಿ" ಎಂದು ಎದ್ದರು. ಆ 'ಸರಿ' ನನಗೆ ಅಷ್ಟು ಸರಿಯಾಗಿ ಕೇಳಿಸಲಿಲ್ಲ, ಆದರೆ ಕೆಲಸದ ಗಡಿಬಿಡಿಯಲ್ಲಿ ಮರೆತೆ.

ಇಂಥ ಕೇಸಿಗೆ ಮೊದಲ ದಿನ ಯಾರೂ ಬರುವುದಿಲ್ಲ. ಬಂದರೆ ಬ್ಯಾಂಕಿನ ಕಡೆಯ ಒಬ್ಬ ಜೂನಿಯರ್ ವಕೀಲ ಬಂದು ಆಕಳಿಸಿ ಹೋಗುತ್ತಾನೆ. ಆ ದಿನ ಕೋರ್ಟ್ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಳೆ ಸಗಟು ವ್ಯಾಪಾರಿ, ಕೈಸಾಲ ಕೊಟ್ಟಿದ್ದ ಎದುರುಮನೆಯವರು, ಚೀಟಿ ನಡೆಸುವ ಹೆಂಗಸು, ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು ಬಂದು ಬೆಂಚಿನಲ್ಲಿ ಕುಳಿತಿದ್ದರು. ಕೆಲವರು ಸಂಸಾರ ಸಮೇತ ಬಂದಿದ್ದರು. ತಾಯಿ ಬಾಗಿಲಲ್ಲಿ ನಿಂತು, "ಬನ್ನಿ ಬನ್ನಿ, ಬಸ್ ಸಿಕ್ತಾ?" ಎಂದು ವಿಚಾರಿಸಿಕೊಳ್ಳುತ್ತಿದ್ದರು.

ನ್ಯಾಯಾಧೀಶರು ಕನ್ನಡಕ ತೆಗೆದು ಗುಂಪು ನೋಡಿದರು. "ನೀವೆಲ್ಲ ಆಕ್ಷೇಪಣೆ ಹೇಳೋಕೆ ಬಂದಿದೀರಾ?" ಎಂದು ಕೇಳಿದರು.

ಬಳೆ ವ್ಯಾಪಾರಿ ಎದ್ದು ಕೈಮುಗಿದರು. "ಆಕ್ಷೇಪಣೆ ಏನಿಲ್ಲ ಸ್ವಾಮಿ. ಅವರಮ್ಮ ಮನೆತನಕ ಬಂದು ಕುಂಕುಮ ಕೊಟ್ಟು, 'ನಮ್ಮುಡುಗ ದಿವಾಳಿ ಅರ್ಜಿ ಹಾಕವ್ನೆ, ತಪ್ಪಿಸದೆ ಬಂದ್ಬುಡಿ' ಅಂತ ಕರೆದ್ರು. ಅಷ್ಟು ಹೇಳಿದ್ಮೇಲೆ ಬರದೆ ಇರಕ್ಕಾಗತ್ತಾ?"

ಏನನ್ನೂ ಬಚ್ಚಿಡಬೇಡಿ

ದಿವಾಳಿ ಅರ್ಜಿ ಹಾಕುವವರು ಇರುವ ಆಸ್ತಿಯನ್ನು ತೋರಿಸಲೇಬೇಕು. ಮುಚ್ಚಿಟ್ಟರೆ ಕೋರ್ಟು ನಂಬುವುದಿಲ್ಲ, ಸಿಗುವ ಪರಿಹಾರವೂ ಕೈತಪ್ಪುತ್ತದೆ. ಇದನ್ನು ನಾನು ಗಿಣಿಗೆ ಹೇಳಿದ ಹಾಗೆ ಹೇಳುತ್ತೇನೆ. ಆದರೂ ಜನ ಮನೆಗೆ ಹೋದ ಕೂಡಲೇ ಮೊದಲು ಮಾಡುವ ಕೆಲಸ ಬಚ್ಚಿಡುವುದೇ.

ಜಿಮ್ ನಡೆಸಿ ಸೋತ ಒಬ್ಬರು ತಮ್ಮ ದುಬಾರಿ ಟ್ರೆಡ್‌ಮಿಲ್ಲನ್ನು ಟೆಂಪೋದಲ್ಲಿ ಹಾಕಿ ಅತ್ತೆ ಮನೆಗೆ ಸಾಗಿಸಿಬಿಟ್ಟಿದ್ದರು. ವಿಷಯ ನನ್ನ ಕಿವಿಗೆ ಬಿತ್ತು. ಕರೆಸಿ ಚೆನ್ನಾಗಿ ಬೈದೆ. ನಾಳೆಯೊಳಗೆ ಅದು ವಾಪಸ್ ಬರಬೇಕು, ಇಲ್ಲದಿದ್ದರೆ ನಿಮ್ಮ ಕೇಸು ನಾನು ನಡೆಸುವುದಿಲ್ಲ ಎಂದೆ. ಪಾಪ, ತಲೆ ತಗ್ಗಿಸಿ ಹೋದರು. ಎರಡು ದಿನ ಬಿಟ್ಟು ಬರಿಗೈಯಲ್ಲಿ ಬಂದರು.

"ಎಲ್ಲಿ?"

"ಅತ್ತೆ ಕೊಡಲ್ಲ ಅಂತಾರೆ ಮೇಡಂ. ದಿನಾ ಬೆಳಿಗ್ಗೆ ಸಂಜೆ ಅದರ ಮೇಲೇ ನಡೀತಾರೆ. ಶುಗರ್ ಇಳಿದಿದೆಯಂತೆ. ಡಾಕ್ಟರು ಬೇರೆ, ಯಾವ ಕಾರಣಕ್ಕೂ ನಿಲ್ಲಿಸಬೇಡಿ ಅಂದವ್ರೆ."

"ರೀ, ಅದು ಸಾಲ ಕೊಟ್ಟವರಿಗೆ ಸೇರಬೇಕಾದ ವಸ್ತು. ಕೋರ್ಟಿನಿಂದ ಅಧಿಕಾರಿ ಬಂದು ಕೇಳಿದ್ರೆ ಏನು ಹೇಳ್ತೀರಿ?"

ಅವರು ನಿಟ್ಟುಸಿರು ಬಿಟ್ಟರು. "ಕೊಡೋದಕ್ಕೆ ನಂದೇನೂ ಅಭ್ಯಂತರ ಇಲ್ಲ ಮೇಡಂ. ಅತ್ತೆ ಅದರಿಂದ ಇಳಿಯೋತನಕ ಕಾಯ್ತಾರಾ, ಒಂದು ಮಾತು ಕೇಳಿ ನೋಡಿ."

ಫೋನ್ ಬಂದರೆ ಎತ್ತಿ

ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೈ ಸುಟ್ಟುಕೊಂಡಿದ್ದ ಹಿರಿಯರೊಬ್ಬರು ವಸೂಲಿಯವರ ಫೋನಿಗೆ ಹೆದರಿ ಮೊಬೈಲನ್ನು ಅಕ್ಕಿ ಡಬ್ಬದೊಳಗೆ ಹೂತಿಡುತ್ತಿದ್ದರು. ಅಕ್ಕಿ ಗುಂಯ್ ಎನ್ನುವಾಗಲೆಲ್ಲ ಅವರ ಹೆಂಡತಿಗೆ ಎದೆ ಹೊಡೆದುಕೊಳ್ಳುತ್ತಿತ್ತು. "ಹಾಗೆ ಮಾಡಬೇಡಿ. ಎತ್ತಿ, ಮರ್ಯಾದೆಯಾಗಿ ಮಾತಾಡಿ, ಆಗದ ಮಾತು ಕೊಡಬೇಡಿ. ಅವರೂ ಮನುಷ್ಯರೇ" ಎಂದು ಧೈರ್ಯ ಹೇಳಿ ಕಳಿಸಿದೆ.

ಹಿರಿಯರು ನನ್ನ ಮಾತನ್ನು ಅಕ್ಷರಶಃ ನಡೆಸಿದರು. ವಸೂಲಿಯ ತರುಣ ಫೋನ್ ಮಾಡಿದ ಕೂಡಲೇ, "ತಿಂಡಿ ಆಯ್ತೇನಪ್ಪಾ? ಏನ್ ಮಾಡಿದ್ರು?" ಎಂದು ಶುರು ಮಾಡುತ್ತಿದ್ದರಂತೆ. ಅವನು ಮೊದಮೊದಲು ಗದರಿಸಿದ. ಆಮೇಲೆ ಉಪ್ಪಿಟ್ಟು ಎಂದ. ಆಮೇಲೆ, ತಿಂಡಿಯೇ ಆಗಿಲ್ಲ ಸಾರ್, ಮನೆಯಲ್ಲಿ ಕಷ್ಟ ಎಂದ.

ಒಂದು ಮಧ್ಯಾಹ್ನ ಟೈ ಕಟ್ಟಿದ ತರುಣನೊಬ್ಬ ನನ್ನ ಆಫೀಸಿಗೆ ಬಂದು ಕುಳಿತ. "ಪ್ರೆಸ್ ಸಾರ್ ಕಳಿಸಿದ್ರು. ನಾನು ಅವರಿಂದ ವಸೂಲಿ ಮಾಡೋನು. ನನಗೂ ಮೂರು ಕಾರ್ಡಿನಲ್ಲಿ ಸಾಲ ಇದೆ ಮೇಡಂ" ಎಂದ. ಹೇಳುತ್ತಿರುವಾಗಲೇ ಅವನ ಫೋನ್ ಬಡಿದುಕೊಂಡಿತು. ಅದೂ ವಸೂಲಿಯವರದೇ, ಬೇರೆ ಕಂಪನಿ. ಎತ್ತುವುದೋ ಬೇಡವೋ ಎಂದು ನನ್ನ ಮುಖ ನೋಡಿದ. ಎತ್ತಿ ಎಂದು ಸನ್ನೆ ಮಾಡಿದೆ.

ಒಂದು ನಿಮಿಷ ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಅವನಿಗೆ ರೇಗಿತು. "ಲೋ, ಹೊಸಬನೇನೋ ನೀನು? ಇಷ್ಟು ಮೆತ್ತಗೆ ಕೇಳಿದ್ರೆ ಯಾವನೋ ಕಟ್ತಾನೆ? ಫೋನ್ ಇಡು. ಸರಿಯಾಗಿ ಕಲ್ತುಕೊಂಡು ಸಾಯಂಕಾಲ ಮತ್ತೆ ಮಾಡು!"

ನೀರು ಬಿಟ್ಟು ಬೇರೇನೂ ಬೇಡ

ಕೊನೆಯದನ್ನು ನೆನೆದರೆ ನಗುವಿನ ಜೊತೆ ನನಗೆ ಈಗಲೂ ಆ ದಿನದ ಭಯ ಮರುಕಳಿಸುತ್ತದೆ.

ಕುಂಬಾರಕೊಪ್ಪಲಿನಲ್ಲಿ ಒಬ್ಬರು ಮದುವೆ ಅಡುಗೆ ಕಂಟ್ರಾಕ್ಟರು. ಕೈಯಲ್ಲಿ ರುಚಿ ಇತ್ತು, ವ್ಯವಹಾರ ಇರಲಿಲ್ಲ. ಎರಡು ದೊಡ್ಡ ಮದುವೆಯವರು ಹೊಟ್ಟೆ ತುಂಬ ಉಂಡು, ಬಾಯಿ ತುಂಬ ಹೊಗಳಿ, ಬಾಕಿ ಕೊಡದೆ ಕೈ ಎತ್ತಿದರು. ಇವರು ಸಾಮಾನು ತಂದಿದ್ದ ದಿನಸಿ ಅಂಗಡಿಯ ಯಜಮಾನರಿಗೆ ದುಡ್ಡು ಹೋಗಲಿಲ್ಲ. ಯಜಮಾನರು ಕಾದು ಕಾದು ಕೋರ್ಟಿಗೆ ಹೋಗಿ ಗೆದ್ದರು. ಸೋಮವಾರ ಕೋರ್ಟಿನ ಅಮೀನ ಬಂದು ಅಡುಗೆಯ ಕೊಪ್ಪರಿಗೆ, ಹಂಡೆ, ಒಲೆಗಳನ್ನೆಲ್ಲ ಜಪ್ತಿ ಮಾಡುವುದು ಎಂದು ಗೊತ್ತಾಯಿತು.

"ಲಾಯರಮ್ಮ, ಮನೆ ಓದ್ರೆ ಬಾಡಿಗೆಗೆ ಇರ್ತೀನಿ," ಎಂದರು ಅಡುಗೆಯವರು. "ಪಾತ್ರೆ ಓದ್ರೆ ಇನ್ನೊಬ್ಬರ ಒಲೆ ಮುಂದೆ ಕೂಲಿಗೆ ನಿಂತ್ಕೋಬೇಕು. ನಮ್ಮಪ್ಪನ ಕಾಲದ ಕೊಪ್ಪರಿಗೆಗಳು ಅವು." ಹೇಳುತ್ತಾ ಟವಲಿನಲ್ಲಿ ಮುಖ ಒರೆಸಿಕೊಂಡರು.

ಮನೆಯವರಿಗೆ ಬೇಯಿಸಿಕೊಳ್ಳುವ ಪಾತ್ರೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಆದರೆ ಸಾವಿರ ಜನಕ್ಕೆ ಸಾರು ಕುದಿಯುವ ಕೊಪ್ಪರಿಗೆಯನ್ನು ಮನೆಯ ಪಾತ್ರೆ ಎಂದು ನಾನು ಯಾವ ಬಾಯಲ್ಲಿ ವಾದಿಸಲಿ? ಉಳಿದಿದ್ದು ಒಂದೇ ದಾರಿ. ಭಾನುವಾರ ಸಾಲ ಕೊಟ್ಟವರನ್ನೆಲ್ಲ ಇವರ ಮನೆಗೆ ಕರೆದು ಕೂರಿಸಿ, ಕಂತಿನಲ್ಲಿ ತೀರಿಸಲು ಒಪ್ಪಿಸುವುದು. ಶಾಮಿಯಾನದವರು ಮತ್ತು ತರಕಾರಿ ಮಂಡಿಯವರು ಒಪ್ಪುವ ಹಾಗಿದ್ದರು. ದಿನಸಿ ಯಜಮಾನರು ಮಾತ್ರ ಬೆಂಕಿ. ಅವರು ಹೂಂ ಎಂದರೆ ಪಾತ್ರೆ ಉಳಿಯಿತು, ಊಹೂಂ ಎಂದರೆ ಹೋಯಿತು.

"ನೋಡಿ," ಎಂದು ನಾನು ಬೆರಳು ಎತ್ತಿ ಎಚ್ಚರಿಸಿದೆ. "ನೀವು ಹೇಳಬೇಕಾಗಿರೋದು ನನ್ನ ಹತ್ರ ಏನೂ ಇಲ್ಲ ಅಂತ. ಅದನ್ನ ಅವರು ಕಣ್ಣಲ್ಲೇ ನೋಡಬೇಕು. ಕುಡಿಯೋಕೆ ನೀರು ಕೊಡಿ. ಬೇರೇನೂ ಬೇಡ."

"ಕಾಫೀನೂ ಬ್ಯಾಡ್ವಾ?"

"ಕಾಫೀನೂ ಬೇಡ."

ಅವರು ನನ್ನನ್ನು ನೋಡಿದ ನೋಟದಲ್ಲಿ, ಇವಳು ಯಾವ ಜನ್ಮದ ಪಾಪಿಯೋ ಎನ್ನುವ ಭಾವನೆ ಇತ್ತು.

ಭಾನುವಾರ ಹನ್ನೆರಡಕ್ಕೆ ಅವರ ಬೀದಿಗೆ ತಿರುಗುವಾಗಲೇ ಏಲಕ್ಕಿ, ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಬೇರೆ ಯಾರ ಮನೆಯಲ್ಲೋ ಹಬ್ಬ ಇರಲಪ್ಪಾ ಎಂದು ಬೇಡಿಕೊಂಡೆ. ಅಂಗಳದಲ್ಲಿ ಸಾಲಾಗಿ ಬಾಳೆಲೆ ಹಾಕಿತ್ತು. ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಹಪ್ಪಳ, ಒಬ್ಬಟ್ಟು, ಒಬ್ಬಟ್ಟಿನ ಸಾರು. ಜಪ್ತಿಯಾಗಬೇಕಿದ್ದ ಕೊಪ್ಪರಿಗೆ ಒಲೆಯ ಮೇಲೆ ಕೊತಕೊತ ಕುದಿಯುತ್ತಿತ್ತು.

ಅಡುಗೆಯವರನ್ನು ಮೂಲೆಗೆ ಎಳೆದು, "ಏನ್ರೀ ಇದು?" ಎಂದು ಹಲ್ಲು ಕಚ್ಚಿದೆ.

"ಊಟದೊತ್ತಲ್ವಾ ಅಮ್ಮಾವ್ರೇ. ಮನೆಗೆ ಬಂದೋರ್ನ ಎಲೆ ಆಕ್ದೆ ಎಂಗೆ ಕಳಿಸ್ಲಿ? ನನ್ ಕೈ ಸುಮ್ನಿರಲ್ಲ."

ಅಷ್ಟರಲ್ಲಿ ಅವರೆಲ್ಲ ಬಂದರು. ಶಾಮಿಯಾನದ ಅಜ್ಜ ಎಲೆ ನೋಡಿದ ಕೂಡಲೇ ಬಂದ ಕೆಲಸ ಮರೆತು ಕುಳಿತರು. ಮಂಡಿಯವರು ಅವರ ಪಕ್ಕ ಕುಳಿತರು. ದಿನಸಿ ಯಜಮಾನರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. "ವಕೀಲರೇ, ಇದು ಊಟದ ಮೀಟಿಂಗಾ, ಸಾಲದ ಮೀಟಿಂಗಾ?" ಎಂದರು. "ಮೊದಲು ಕೂತ್ಕೊಳಿ ಸ್ವಾಮಿ, ಅನ್ನದ ಮುಂದೆ ನಿಂತ್ಕೋಬಾರ್ದು" ಎಂದು ಅಡುಗೆಯವರು ಕೈಹಿಡಿದು ಕೂರಿಸಿಬಿಟ್ಟರು. ನನಗೂ ಒಂದು ಎಲೆ ಇತ್ತು. ಕುಳಿತೆ. ಕೈ ತುತ್ತು ಕಲಸುತ್ತಿತ್ತು, ಮನಸ್ಸು ಅಮೀನನನ್ನು ನೆನೆಯುತ್ತಿತ್ತು.

ಯಜಮಾನರಿಗೆ ಬೇಗ ಮುಗಿಸಿ, ಬೈದು ಹೋಗುವ ಇರಾದೆ ಇತ್ತು. ಆದರೆ ಪಂಕ್ತಿಯಲ್ಲಿ ಕುಳಿತ ಮೇಲೆ ಎಲ್ಲರದೂ ಮುಗಿಯದೆ ಏಳುವ ಹಾಗಿಲ್ಲ. ಶಾಮಿಯಾನದ ಅಜ್ಜನಿಗೆ ಹಲ್ಲು ಕಟ್ಟಿಸಿ ಒಂದು ವಾರವಾಗಿತ್ತು. ಅವರು ಒಂದೊಂದು ಅಗುಳನ್ನೂ ವಿಚಾರಣೆ ಮಾಡಿ ನುಂಗುತ್ತಿದ್ದರು. ಕೈ ಕಟ್ಟಿ ಕೂರಲಾರದೆ ಯಜಮಾನರು ಒಬ್ಬಟ್ಟು ಮುರಿದು ಬಾಯಿಗಿಟ್ಟರು. ಇನ್ನೊಂದು ಚೂರು ಮುರಿದರು. ಕಣ್ಣು ಅರ್ಧ ಮುಚ್ಚಿತು. ನನಗೆ ಸ್ವಲ್ಪ ಜೀವ ಬಂತು.

ಆಗ ಅವರಿಗೆ ಸಾಲ ನೆನಪಾಯಿತು. ಕೈ ತಡೆದು ಗುಡುಗಿದರು: "ಅಲ್ಲಯ್ಯಾ, ಕೈಯಲ್ಲಿ ಕಾಸಿಲ್ಲ ಅಂತೀಯ. ಈ ತುಪ್ಪ ಎಲ್ಲಿಂದ ಬಂತು? ಅಂಗಡಿ ತುಪ್ಪ ಅಲ್ಲ ಅನ್ನಬೇಡ, ವಾಸನೆ ಕಂಡುಹಿಡೀತೀನಿ ನಾನು!"

ಸುಮ್ಮನಿರಿ ಎಂದು ನಾನು ಕಣ್ಣುಸನ್ನೆ ಮಾಡಿದೆ. ಅಡುಗೆಯವರು ತುಪ್ಪದ ಗಿಂಡಿ ಹಿಡಿದು ನಿಂತು ಮಗುವಿನ ಹಾಗೆ ಹೇಳಿಬಿಟ್ಟರು. "ನಿಮ್ಮಂಗ್ಡೀದೇ ಸ್ವಾಮಿ. ಬೆಳಿಗ್ಗೆ ಓಗಿದ್ದೆ. ನೀವಿರ್ಲಿಲ್ಲ, ಗಲ್ಲಾದಲ್ಲಿ ಅಮ್ಮಾವ್ರಿದ್ರು."

"ದುಡ್ಡು?"

"ಸಾಲಕ್ಕೇ ಕೊಟ್ರು. 'ನಮ್ಮ ಯಜಮಾನ್ರೂ ಊಟಕ್ಕೆ ಬತ್ತಾರಾ' ಅಂತ ಕೇಳಿದ್ರು. ಊಂ ಅಂದೆ. ಅಂಗಾದ್ರೆ ಅದು ಬ್ಯಾಡ, ಈ ಒಳ್ಳೇ ತುಪ್ಪ ತಗೊಂಡೋಗು ಅಂತ ಅವ್ರೇ ತೆಗೆದುಕೊಟ್ರು."

ಶಾಮಿಯಾನದ ಅಜ್ಜ ಹೊಸ ಹಲ್ಲಿನಲ್ಲಿ ಹಪ್ಪಳ ಮುರಿಯುತ್ತಲೇ ಇದ್ದರು. ಎಲ್ಲಾ ಮುಗಿಯಿತು ಎಂದುಕೊಂಡೆ. ಕೊಪ್ಪರಿಗೆಯ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

ಯಜಮಾನರು ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದರು. ಎಲೆ ನೋಡಿದರು, ಒಲೆ ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು.

"ವಕೀಲರೇ, ಕೊಪ್ಪರಿಗೆ ಹರಾಜು ಹಾಕಿದ್ರೆ ನನಗೆ ಹಳೇ ಹಿತ್ತಾಳೆ ರೇಟು ಸಿಗತ್ತೆ. ಇವನು ಈ ಕೈಯಲ್ಲಿ ಬೇಯಿಸ್ತಾ ಇದ್ರೆ ಇವತ್ತಲ್ಲ ನಾಳೆ ಅಸಲಾದ್ರೂ ಬರತ್ತೆ. ಬರೀರಿ ಕಂತು, ಸಹಿ ಹಾಕ್ತೀನಿ. ಜಪ್ತಿ ಬೇಡ ಅಂತ ನಾಳೆ ನಾನೇ ಕೋರ್ಟಿಗೆ ಹೇಳ್ತೀನಿ. ಇನ್ಮೇಲೆ ಸಾಮಾನು ಮಾತ್ರ ರೊಕ್ಕ ಕೊಟ್ಟೇ ಒಯ್ಯಬೇಕು, ಅದೂ ನಾನಿದ್ದಾಗ."

ಅಡುಗೆಯವರು ಕಣ್ಣು ತುಂಬಿಕೊಂಡು, ಬಲು ಜೋಪಾನವಾಗಿ, ಯಜಮಾನರ ಒಬ್ಬಟ್ಟಿನ ಮೇಲೆ ಗಿಂಡಿಯಿಂದ ಒಂದೇ ಒಂದು ತೊಟ್ಟು ತುಪ್ಪ ಬಿಟ್ಟರು.

ಯಜಮಾನರು ತಲೆ ಎತ್ತಿ ಕೆರಳಿದರು. "ಬಗ್ಗಿಸೋ ಗಿಂಡಿಯ! ನನ್ನ ತುಪ್ಪಕ್ಕೆ ನೀನ್ಯಾಕೋ ಜಿಪುಣತನ ಮಾಡ್ತೀಯಾ?"